ಬಹುದು, ಬಾರದು

ತೊಂದರೆ ಶುರುವಾದದ್ದು ಒಂದು ಪದದಿಂದ. ಕಟ್ಟಡದ ನಿಯಮಾವಳಿಯಲ್ಲಿ 'ರಾತ್ರಿ ಒಂಬತ್ತರ ನಂತರ ವಾದ್ಯ ನುಡಿಸಬಾರದು' ಎಂದಿರಬೇಕಾದ ಕಡೆ 'ನುಡಿಸಬಹುದು' ಎಂದಿತ್ತು. ಮೂರನೇ ಮಹಡಿಯ ಪಿಟೀಲಿನವರು ಲಿಫ್ಟಿನ ಪಕ್ಕದ ಹಲಗೆಯ ಮೇಲೆ ಅದನ್ನು ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು, ಮನೆಗೆ ಹೋಗಿ ಕಮಾನಿಗೆ ರಾಳ ತಿಕ್ಕಿದರು. ಆ ರಾತ್ರಿ ಅವರ ಕೆಳಗಿನ ಮನೆಯ ಹಲ್ಲಿನ ಡಾಕ್ಟರಮ್ಮನಿಗೆ ಕಣ್ಣಿಗೆ ಕಣ್ಣು ಹತ್ತಲಿಲ್ಲ.

ಮಾರನೆಯ ದಿನ ಭಾನುವಾರ. ಇಬ್ಬರೂ ಬೆಳಿಗ್ಗೆಯೇ ಕಾರ್ಯದರ್ಶಿಯ ಬಾಗಿಲು ತಟ್ಟಿದರು.

ಕಾರ್ಯದರ್ಶಿ ಎಂಬುದು ಅವನ ಹುದ್ದೆ ಎನ್ನುವುದಕ್ಕಿಂತ ಹಣೆಬರಹ. ಅವನು ಹೊಟ್ಟೆಪಾಡಿಗೆ ಕಂಪ್ಯೂಟರ್ ಕೆಲಸ ಮಾಡುವವನು. ಬಾಡಿಗೆಗೆ ಬಂದ ದಿನವೇ ಮನೆಯ ಮಾಲೀಕರಾದ ನಿವೃತ್ತ ಹೆಡ್‌ಮಾಸ್ಟರು 'ಬಾಡಿಗೆದಾರರು ಕಟ್ಟಡದ ಕಾರ್ಯದರ್ಶಿ ಕೆಲಸ ಬಿಡಬಾರದು' ಎಂದು ಕರಾರಿಗೆ ಕೆಂಪು ಶಾಯಿಯಲ್ಲಿ ಸೇರಿಸಿದ್ದರು. ಅಂದಿನಿಂದ ನೀರಿನ ಟ್ಯಾಂಕು, ಮೆಟ್ಟಿಲ ದೀಪ, ಕಸದ ಬುಟ್ಟಿ ಎಲ್ಲವೂ ಅವನ ತಲೆಗೆ ಸುತ್ತಿಕೊಂಡಿದ್ದವು. ಈ ಸಲ ಕರಾರು ನವೀಕರಿಸುವಾಗ ಕಾಲು ಹಿಡಿಯುವುದೊಂದು ಬಾಕಿ ಎಂಬಷ್ಟು ಬೇಡಿಕೊಂಡು, ಆ ಸಾಲನ್ನು 'ಬಿಡಬಹುದು' ಎಂದು ಬದಲಿಸಿಕೊಂಡಿದ್ದ. ಹೊಸ ಕರಾರಿಗೆ ಹೆಡ್‌ಮಾಸ್ಟರು ಇವತ್ತು ಸಹಿ ಹಾಕಬೇಕಿತ್ತು. ಅವರೂ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಉಳಿದವರ ಹಿಂದೆಯೇ ಒಳಗೆ ಬಂದರು.

"ಇವರು ನಿಮ್ಮ ಹತ್ರ ಹೇಳಿ ಬದಲಾಯಿಸಿಕೊಂಡಿದ್ದಾರೆ. ಒಪ್ಕೊಂಡ್ಬಿಡಿ," ಎಂದರು ಡಾಕ್ಟರಮ್ಮ, ಪಿಟೀಲಿನವರತ್ತ ಕೈ ತೋರಿಸಿ.

"ನಾನ್ಯಾಕೆ ಹೇಳ್ಲಿ? ಮೊದಲಿಂದ್ಲೂ ಬಹುದು ಅಂತಾನೇ ಇತ್ತು. ನಾನೇ ಇಷ್ಟು ದಿನ ಸರಿಯಾಗಿ ಓದಿರ್ಲಿಲ್ಲ," ಎಂದರು ಪಿಟೀಲಿನವರು.

"ಹಳೇದು ಏನಿತ್ತು, ಯಾವಾಗ ಬದಲಾಯ್ತು, ಯಾಕೆ ಬದಲಾಯ್ತು, ಎಲ್ಲಾ ಇವರ ಕಂಪ್ಯೂಟರಲ್ಲಿ ಇರುತ್ತೆ," ಎಂದಳು ಕಾಫಿ ತಂದ ಹೆಂಡತಿ. ಗಂಡನ ಜಾಣತನದ ಬಗ್ಗೆ ಅವಳಿಗೆ ಹೆಮ್ಮೆ. ಗಂಡನ ಮುಖ ಬಿಳಿಚಿಕೊಂಡದ್ದನ್ನು ಅವಳು ಗಮನಿಸಲಿಲ್ಲ.

ಅವಳು ಹೇಳಿದ್ದು ನಿಜ. ಆಫೀಸಿನ ಚಾಳಿ ಬಿಡದೆ ಅವನು ನಿಯಮಾವಳಿಯನ್ನು ಗಿಟ್ ಎಂಬ ತಂತ್ರಾಂಶದಲ್ಲಿ ಇಟ್ಟಿದ್ದ. ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಅದು ಹಳೆಯದನ್ನು ಹಾಗೇ ಉಳಿಸಿಕೊಳ್ಳುತ್ತದೆ. ಬದಲಿಸಿದವನು ಯಾಕೆ ಬದಲಿಸಿದೆ ಎಂದು ಒಂದು ಸಾಲು ಬರೆಯುವವರೆಗೂ ಬಿಡುವುದಿಲ್ಲ. ಹೊಸತರ ಉತ್ಸಾಹದಲ್ಲಿ ಅವನು ಅಕ್ಕಪಕ್ಕದವರನ್ನೆಲ್ಲ ಅದಕ್ಕೆ ಸೇರಿಸಿಯೂ ಇದ್ದ. ಯಾರೂ ತುಟಿ ಪಿಟಕ್ಕೆನ್ನದ ಕಾರಣ ಯಾರೂ ಅದನ್ನು ತೆರೆದಿಲ್ಲವೆಂದುಕೊಂಡಿದ್ದ. ಯಾರೂ ಓದದ ಜಾಗದಲ್ಲಿ ಮನುಷ್ಯ ಸತ್ಯ ಬರೆಯುತ್ತಾನೆ. ಇವನೂ ಬರೆದಿದ್ದ.

"ಗಿಟ್ ಅಂತೆ. ಅದರಿಂದ ನಿನಗೇನಪ್ಪಾ ಗಿಟ್ಟುತ್ತೆ?" ಎಂದು ಕೇಳಿದ ಹೆಡ್‌ಮಾಸ್ಟರು ಸೋಫಾದ ಮಧ್ಯದಲ್ಲಿ ಕೂತರು. "ತೋರಿಸು, ನೋಡೋಣ."

"ಅಷ್ಟು ಚಿಕ್ಕ ಪರದೇಲಿ ನನಗೆ ಕಾಣಲ್ಲ," ಎಂದರು ಪಿಟೀಲಿನವರು. ಹೆಂಡತಿ ತಂತಿ ಹುಡುಕಿ ತಂದು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದಳು. ಗೋಡೆಯ ಅರ್ಧದಷ್ಟಿದ್ದ ಟಿವಿ ಅದು, ಅವನೇ ಹಟ ಮಾಡಿ ಕೊಂಡದ್ದು.

ಅವನು ಕೀಲಿಮಣೆಯ ಮೇಲೆ ಬೆರಳಿಟ್ಟು ಯೋಚಿಸಿದ. ಚರಿತ್ರೆ ತೋರಿಸುವ ಆಜ್ಞೆ 'ಲಾಗ್'. ಸುಮ್ಮನೆ ಲಾಗ್ ಎಂದರೆ ಹೆಸರು, ತಾರೀಖು, ಅದರ ಕೆಳಗೆ ಅವನು ಬರೆದ ಕಾರಣ, ಮೂರೂ ಬರುತ್ತವೆ. ಚುಟುಕಾಗಿ ತೋರಿಸು ಎಂದರೆ ಹೆಸರು, ತಾರೀಖು ಹೋಗಿ ಕಾರಣ ಮಾತ್ರ ಉಳಿಯುತ್ತದೆ. ಬದಲಾದ ಸಾಲುಗಳನ್ನು ತೋರಿಸುವ 'ಪಿ' ಸೇರಿಸಿದರೂ ಕಾರಣ ತಲೆಯ ಮೇಲೆ ಕೂತೇ ಬರುತ್ತದೆ. ಆ ಕಾರಣಗಳನ್ನು ಈ ಮೂವರು ಓದಿದರೆ ಸಹಿ ಇರಲಿ, ಸಂಜೆಯೊಳಗೆ ಮನೆ ಖಾಲಿ ಮಾಡಬೇಕಾಗುತ್ತದೆ ಎಂದು ಅವನಿಗೆ ಖಾತ್ರಿಯಿತ್ತು.

ಆಗ 'ಬ್ಲೇಮ್' ನೆನಪಾಯಿತು. ಅದು ಕಡತದ ಪ್ರತಿ ಸಾಲಿನ ಮುಂದೆ ಕೊನೆಯದಾಗಿ ಮುಟ್ಟಿದವನ ಹೆಸರು, ತಾರೀಖು ಬರೆದು ಸುಮ್ಮನಾಗುತ್ತದೆ, ಕಾರಣದ ಉಸಾಬರಿಗೆ ಹೋಗುವುದಿಲ್ಲ. ಅವನು ಅದನ್ನೇ ಒತ್ತಿದ. ಟಿವಿಯ ಮೇಲಿನಿಂದ ಕೆಳಗಿನವರೆಗೆ ಅವನೊಬ್ಬನ ಹೆಸರೇ ಇರುವೆ ಸಾಲಿನಂತೆ ಇಳಿಯಿತು.

"ಬ್ಲೇಮ್ ಅಂದ್ರೆ ದೂರು ಹೊರಿಸೋದು ಅಲ್ವೇನಪ್ಪಾ?" ಎಂದರು ಹೆಡ್‌ಮಾಸ್ಟರು. "ನಿನ್ನ ಮೇಲೆ ನೀನೇ ಹೊರಿಸ್ಕೊಂಡ ಹಾಗಾಯ್ತು."

"ಯಾರು ಅಂತ ನಂಗೆ ಮೊದಲೇ ಗೊತ್ತಿತ್ತು. ಅದಕ್ಕೆ ಮುಂಚೆ ಏನಿತ್ತು ಅಂತ ಹೇಳಿ," ಎಂದರು ಡಾಕ್ಟರಮ್ಮ, ನೋಯುವ ಹಲ್ಲು ಯಾವುದೆಂದು ಹುಡುಕುವ ದನಿಯಲ್ಲಿ.

ಹಾಗಾದರೆ ಲಾಗ್ ಬೇಕೇ ಬೇಕು. ಅದರಲ್ಲಿ ಬೇಕಾದ್ದನ್ನಷ್ಟೇ ಆರಿಸಿ ತೋರಿಸುವ ಉಪಾಯವೂ ಇದೆ, ಹೆಸರಿಗೊಂದು ಅಕ್ಷರ, ತಾರೀಖಿಗೊಂದು ಅಕ್ಷರ ಎಂದು ಗೊತ್ತುಮಾಡಿದ್ದಾರೆ. ಯಾವುದಕ್ಕೆ ಯಾವ ಅಕ್ಷರ ಎಂಬುದು ಮಾತ್ರ ಸಮಯಕ್ಕೆ ಸರಿಯಾಗಿ ಮರೆತುಹೋಯಿತು. ಕೈಪಿಡಿ ತೆರೆದ. ಅದು ಪುಟದ ಮೇಲೆ ಪುಟ ಇಳಿಯುತ್ತಲೇ ಹೋಯಿತು. ಹೆಡ್‌ಮಾಸ್ಟರು ಗಟ್ಟಿಯಾಗಿ ಓದಲು ಶುರುಮಾಡಿ, ಎರಡನೆಯ ವಾಕ್ಯದಲ್ಲೇ ಅಲ್ಪವಿರಾಮ ಬಿಟ್ಟುಹೋಗಿದೆ ಎಂದರು.

"ಏನ್ರೀ, ದಿನಾ ಮಾಡೋ ಕೆಲಸ, ಇಷ್ಟೊತ್ತು ಬೇಕಾ?" ಎಂದಳು ಹೆಂಡತಿ.

ಅವನು ಕೈಪಿಡಿ ಮುಚ್ಚಿದ. ಬೆವರಿನಲ್ಲಿ ತಲೆ ಓಡಲಿಲ್ಲ. ಮೊದಲು ಬದಲಾದ ಸಮಯ ಗೊತ್ತಾದರೆ ಅದಕ್ಕೂ ಹಿಂದಿನ ಪ್ರತಿ ತೆಗೆಯಬಹುದು. ಸಮಯಕ್ಕೆ ಎಸ್ ಇರಬೇಕು ಎಂದು ಅವನ ಬುದ್ಧಿ ಅಚ್ಚಕನ್ನಡದಲ್ಲಿ ತೀರ್ಮಾನಿಸಿತು. ಎಸ್ ಒತ್ತಿದ.

ಎಸ್ ಎಂದರೆ ಸಮಯವಲ್ಲ. ಬರೆದ ಕಾರಣವನ್ನು ಮಾತ್ರ ತೋರಿಸು, ಬೇರೇನೂ ಬೇಡ ಎಂದು ಅದರ ಅರ್ಥ. ಟಿವಿ ತುಂಬ ದಪ್ಪ ಅಕ್ಷರಗಳಲ್ಲಿ ಸಾಲುಗಳು ಮೂಡಿದವು.

'ಹಲ್ಲಮ್ಮ ಮೆಟ್ಟಿಲ ಮೇಲೆ ಬೆಳೆಸಿರುವ ಕಾಡಿಗಾಗಿ ಕುಂಡದ ನಿಯಮ.'

'ಗರಗಸಪ್ಪನಿಗೆ ಮೂಗುದಾರ.'

'ಕೆಂಪು ಶಾಯಿಯವರಿಗೆ ಮಾಡೋಕೆ ಕೆಲಸವಿಲ್ಲ, ಅಲ್ಪವಿರಾಮ ಸೇರಿಸಿದೆ.'

'ಕೆಂಪು ಶಾಯಿಯವರಿಗೆ ಇವತ್ತೂ ಕೆಲಸವಿಲ್ಲ, ಅಲ್ಪವಿರಾಮ ತೆಗೆದೆ.'

ಅವನು ಕಣ್ಣು ಮುಚ್ಚಿಕೊಂಡು, ಅಷ್ಟು ಸಾಮಾನು ಸಾಗಿಸಲು ಎಷ್ಟು ದೊಡ್ಡ ಲಾರಿ ಬೇಕೆಂದು ಲೆಕ್ಕ ಹಾಕತೊಡಗಿದ.

"ಮೂಗುದಾರಕ್ಕಿಂತ ಆಮೇಲೆ ಬರೆದದ್ದು ಚೆನ್ನಾಗಿತ್ತು," ಎಂದರು ಪಿಟೀಲಿನವರು. "'ಗರಗಸಕ್ಕೆ ರಾಳ ಬಿದ್ದಿದೆ, ಮರಕ್ಕೆ ದೇವರೇ ಗತಿ' ಅಂತ. ನಮ್ಮ ಶಿಷ್ಯರಿಗೆಲ್ಲ ಓದಿ ಹೇಳಿದೆ."

"ನಾನು ಹಲ್ಲು ಕೀಳೋಕೆ ಮುಂಚೆ ಒಂದು ಓದ್ತೀನಿ. ಪೇಷೆಂಟ್ ನಗೋಕೆ ಬಾಯಿ ತೆಗೀತಾರೆ, ಅಷ್ಟರಲ್ಲಿ ಕೆಲಸ ಮುಗಿದಿರುತ್ತೆ," ಎಂದರು ಡಾಕ್ಟರಮ್ಮ.

ಅವನು ಕಣ್ಣು ಬಿಟ್ಟ. "ನಿಮಗೆ ಹೇಗೆ ಗೊತ್ತು?"

"ನೀನೇ ಸೇರಿಸಿದ್ಯಲ್ಲಪ್ಪ. ನೀನು ಏನು ಬದಲಾಯಿಸಿದೆ ಅಂತ ಬರಲ್ಲ. ಯಾಕೆ ಅಂತ ಬರೆದಿದ್ದು ಮಾತ್ರ ತಕ್ಷಣ ಫೋನಿಗೆ ಬರುತ್ತೆ," ಎಂದರು ಹೆಡ್‌ಮಾಸ್ಟರು. "ನಿನ್ನ ಕಾಗುಣಿತ ಸುಧಾರಿಸಬೇಕು. ಉಳಿದದ್ದು ಪರವಾಗಿಲ್ಲ."

ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ಕಟ್ಟಡದಲ್ಲಿ ಅವನು ಸೇರಿಸದೆ ಬಿಟ್ಟ ಒಬ್ಬಳಿದ್ದಳು. ಅವಳು ಟಿವಿಯ ಹತ್ತಿರ ನಿಂತು ಕೆಳಗಿನ ಸಾಲುಗಳನ್ನು ನಿಧಾನವಾಗಿ ಓದುತ್ತಿದ್ದಳು.

'ಮಾವನ ಮನೆಗೆ ಹೋಗುವುದು ತಪ್ಪಿಸಲು ಪೂರ್ಣವಿರಾಮಗಳ ಪರಿಶೀಲನೆ.'

'ಮತ್ತೆ ಮಾವ. ಮತ್ತೆ ಪೂರ್ಣವಿರಾಮ.'

"ಭಾನುವಾರ ಬಂದ್ರೆ ಕಟ್ಟಡದ ಕೆಲಸ ಅಂತಿದ್ರಿ," ಎಂದಳು ಅವಳು. ಅವನ ಮುಂದಿದ್ದ ಕಾಫಿ ಲೋಟವನ್ನು, ಅವನಿನ್ನೂ ಕುಡಿಯುವ ಮೊದಲೇ, ಎತ್ತಿಕೊಂಡು ಒಳಗೆ ಹೋದಳು.

ಡಾಕ್ಟರಮ್ಮನ ಕಣ್ಣು ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಹೊಸ, ಫೋನಿನಲ್ಲಿ ಯಾರೂ ಇನ್ನೂ ನೋಡಿರದ ಸಾಲಿನ ಮೇಲೆ ನಿಂತಿತ್ತು. ಅವರು ಅದನ್ನು ಗಟ್ಟಿಯಾಗಿ ಓದಿದರು. "'ಕೆಂಪು ಶಾಯಿಯವರು ವಾದ್ಯದ ಸಾಲು ತಿದ್ದಿ ಕೊಟ್ಟಿದ್ದಾರೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಅಂದಾಜಿನ ಮೇಲೆ ಹಾಕಿದೆ.'"

ಎಲ್ಲರೂ ಹೆಡ್‌ಮಾಸ್ಟರತ್ತ ತಿರುಗಿದರು. ಅವರು ಬರೆದದ್ದು ಬಾರದು, ಇವನು ಓದಿದ್ದು ಬಹುದು. ಡಾಕ್ಟರಮ್ಮನ ನಿದ್ದೆ ಹೋದದ್ದು ಮೇಷ್ಟರ ಕೈಬರಹದಿಂದ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಈಗಲೇ ಸರಿಮಾಡ್ತೀನಿ ಸಾರ್," ಎಂದ ಕಾರ್ಯದರ್ಶಿ. ಬಹುದು ಅಳಿಸಿ ಬಾರದು ಎಂದು ಹಾಕಿದ. ಕಾರಣ ಬರೆ ಎಂದು ಗಿಟ್ ಕೇಳಿತು. 'ಅಕ್ಷರ ತಿದ್ದಿದೆ' ಎಂದಷ್ಟೇ ಬರೆದ. ಮೂವರ ಜೇಬು, ಚೀಲಗಳಲ್ಲಿ ಫೋನುಗಳು ಒಟ್ಟಿಗೇ ಸದ್ದು ಮಾಡಿದವು. ಮೂವರೂ ತೆಗೆದು ನೋಡಿದರು.

"ಸಪ್ಪೆ," ಎಂದರು ಪಿಟೀಲಿನವರು.

"ಇವರು ಕಾರ್ಯದರ್ಶಿ ಕೆಲಸ ಬಿಟ್ಟರೆ ಇದೂ ಇರಲ್ವಲ್ಲ," ಎಂದರು ಡಾಕ್ಟರಮ್ಮ, ನಿಜವಾದ ಬೇಸರದಿಂದ.

ಹೆಡ್‌ಮಾಸ್ಟರು ಜೇಬಿನಿಂದ ಕರಾರು ತೆಗೆದು ಮಂಡಿಯ ಮೇಲೆ ಹರಡಿಕೊಂಡರು. ಕೆಂಪು ಪೆನ್ನಿನ ಮುಚ್ಚಳ ತೆರೆದರು. 'ಬಿಡಬಹುದು' ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬೇರೆ ಪದ ಬರೆದು, ಕೆಳಗೆ ಸಹಿ ಹಾಕಿ, ಕಾಗದವನ್ನು ಅವನ ಕೈಗೆ ಕೊಟ್ಟರು.

ಈ ಸಲ ಅಕ್ಷರ ಮಗ್ಗಿ ಪುಸ್ತಕದಲ್ಲಿದ್ದ ಹಾಗೆ ದುಂಡಗಿತ್ತು. ತಪ್ಪು ಓದಲು ದಾರಿಯೇ ಇರಲಿಲ್ಲ.