ಹಜಾರಕ್ಕೆ ಬಂದ ಎಮ್ಮೆಗಳು

ತಿಪ್ಪೇಶನ ಹೊಸ ಮನೆಗೆ ಗೃಹಪ್ರವೇಶವೇ ಆಗಿರಲಿಲ್ಲ. ಅಷ್ಟರಲ್ಲಿ ಪಕ್ಕದ ಹೊಲದಲ್ಲಿ ಮನೆ ಕಟ್ಟಿಕೊಂಡಿದ್ದ ರುದ್ರಮೂರ್ತಿ ಬೆಳಿಗ್ಗೆ ಬೆಳಿಗ್ಗೆಯೇ ಓಡಿಬಂದ.

“ಕೆಟ್ವಿ ಕಣೋ ತಿಪ್ಪೇಶ! ಯೋಜನಾ ಪ್ರಾಧಿಕಾರದೋರು ಜೀಪಲ್ಲಿ ಬತ್ತಾವ್ರಂತೆ. ನಮ್ಮ ಗಡಿ ಹೊಲ ಎಲ್ಲಾ ಹಸಿರು ವಲಯ. ಇಲ್ಲಿ ಮನೆ ಕಟ್ಟಂಗಿಲ್ಲ, ಒಡೆದಾಕ್ತಾರೆ!”

ಅಜ್ಜಂಪುರ ತಾಲ್ಲೂಕು ಮುಗಿದು ಕಡೂರು ತಾಲ್ಲೂಕು ಶುರುವಾಗುವ ಕಡೆ ಇತ್ತು ಆ ಜಾಗ. ಇಷ್ಟು ಮೂಲೆಗೆ ಯಾರು ಬರುತ್ತಾರೆಂದು ತಿಪ್ಪೇಶ ಯಾರನ್ನೂ ಕೇಳದೆ ಮನೆ ಎಬ್ಬಿಸಿದ್ದ. ಈಗ ಅವನ ಮುಖ ಹಿಂಡಿದ ಬಟ್ಟೆಯಂತಾಯಿತು.

“ಕೊಟ್ಟಿಗೆಯಾದ್ರೆ ಅಡ್ಡಿಯಿಲ್ವಂತೆ,” ಎಂದು ರುದ್ರಮೂರ್ತಿಯೇ ದಾರಿ ತೋರಿಸಿದ.

ತಿಪ್ಪೇಶ ಎದುರು ಮನೆಯ ಹಾಲಮ್ಮನ ಹತ್ತಿರ ಓಡಿದ. “ಎಮ್ಮೆ ತಾನೆ? ಹಿಡ್ಕೊಂಡೋಗಪ್ಪಾ. ಹಾಲು ಮಾತ್ರ ನಂದು,” ಎಂದಳು ಆಕೆ.

ಎರಡು ಎಮ್ಮೆಗಳು ಬೀಗರ ಗತ್ತಿನಲ್ಲಿ ಹಜಾರಕ್ಕೆ ನಡೆದುಬಂದವು. ಹೆಂಡತಿ ಕೋಮಲಾ ತರೀಕೆರೆಯ ಅಂಗಡಿಗಳನ್ನೆಲ್ಲ ಸುತ್ತಿ ಆರಿಸಿದ್ದ ಟೈಲ್ಸಿನ ಮೇಲೆ ಒಂದು ಎಮ್ಮೆ ಧಾರಾಳವಾಗಿ ಸಗಣಿ ಹಾಕಿತು.

“ಗೃಹಪ್ರವೇಶಕ್ಕೆ ಹಸು ತರ್ತೀನಿ ಅಂದಿದ್ರಲ್ರೀ!” ಕೋಮಲಾಳಿಗೆ ಅಳು ಬಂತು. ಆದರೂ ಪೊರಕೆ ಹಿಡಿದಳು.

ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಹಿಂದೆಯೇ ಅರ್ಧ ಊರು. ಅಧಿಕಾರಿ ಹೇಮಶ್ರೀ ಒಳಗೆ ಕಾಲಿಟ್ಟವರು ಮೂಗಿಗೆ ಸೆರಗು ಹಿಡಿದರು.

“ಇದು ಮನೆ ಅಲ್ವಾ?”

“ಕೊಟ್ಟಿಗೆ ಮೇಡಂ.”

“ಕೊಟ್ಟಿಗೆಗೆ ಟೈಲ್ಸಾ?”

“ಎಮ್ಮೆ ಮೈಗೆ ತಂಪು ಬೇಕಲ್ವಾ ಮೇಡಂ.”

“ಆ ದೇವರ ಕೋಣೆ?”

“ಹಿಂಡಿ ಇಡಕ್ಕೆ.”

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ತಿಪ್ಪೇಶನ ಕಿವಿ ಕೆಂಪೇರಿತು.

“ಇವರು ಯಾರು?” ಹೇಮಶ್ರೀ ಕೋಮಲಾಳ ಕಡೆ ನೋಡಿದರು.

“ಅವಳು... ಎಮ್ಮೆ ನೋಡ್ಕೊಳ್ಳೋಳು.”

ಮಾತು ಬಾಯಿಂದ ಜಾರಿಬಿಟ್ಟಿತ್ತು. ಪೊರಕೆ ಆಡಿಸುತ್ತಿದ್ದ ಕೋಮಲಾಳ ಕೈ ನಿಂತಿತು. ಅವಳತ್ತ ನೋಡುವ ಧೈರ್ಯವಾಗದೆ ತಿಪ್ಪೇಶ ಎಮ್ಮೆಯ ಬಾಲವನ್ನೇ ನೋಡುತ್ತ ನಿಂತ.

“ಛೆ,” ಎಂದರು ಹೇಮಶ್ರೀ. “ಈ ಗಡಿ ಜಾಗಾನೆಲ್ಲ ಈಗ ವಸತಿ ವಲಯ ಮಾಡಿದೀವಿ. ಮನೆ ಕಟ್ಕೊಂಡಿರೋರಿಗೆ ಸಕ್ರಮ ಮಾಡ್ಕೊಡೋಣ ಅಂತ ಬಂದ್ವಿ. ಮನೆಗಳ ಮಧ್ಯೆ ಇಷ್ಟು ದೊಡ್ಡ ಕೊಟ್ಟಿಗೆ ಇರೋ ಹಾಗಿಲ್ಲ. ಕೆಡವಿಸ್ಬಿಡಿ.”

“ಮೇಡಂ, ನಮ್ಮನೆ ಈ ಕಡೆ! ನಮ್ದು ಅಪ್ಪಟ ಮನೆ!” ರುದ್ರಮೂರ್ತಿ ಎಲ್ಲರಿಗಿಂತ ಮುಂದೆ ನುಗ್ಗಿದ.

“ಅಯ್ಯೋ, ಇದೂ ಮನೇನೇ ಮೇಡಂ! ಇವ್ಳು ನನ್ನ ಹೆಂಡ್ತಿ! ಹೇಳೇ ಕೋಮಲಾ!”

ಹೇಮಶ್ರೀ ಕೋಮಲಾಳ ಕಡೆ ತಿರುಗಿದರು. ಅವಳು ತಣ್ಣಗೆ ಹೇಳಿದಳು: “ನಮ್ಮ ಯಜಮಾನ್ರು ಒಳ್ಳೇರು ಮೇಡಂ. ಹೆಂಡ್ತೀನ ಕೂಲಿಯೋಳು ಅನ್ನೋ ಪೈಕಿ ಅಲ್ಲ. ನಾನು ಎಮ್ಮೆ ನೋಡ್ಕೊಳ್ಳೋಳೇ.”

ಪೊರಕೆಯನ್ನು ಅಲ್ಲೇ ಬಿಟ್ಟು, ಎಮ್ಮೆಗಳ ಹಗ್ಗ ಬಿಚ್ಚಿಕೊಂಡು ಹಾಲಮ್ಮನ ಮನೆಯತ್ತ ನಡೆದಳು. ಜೀಪು ರುದ್ರಮೂರ್ತಿಯ ಮನೆಯತ್ತ ತಿರುಗಿತು. ಊರೂ ಅದರ ಹಿಂದೆ ಹೋಯಿತು.

ಖಾಲಿ ಹಜಾರದಲ್ಲಿ ತಿಪ್ಪೇಶ ತಲೆ ಎತ್ತದೆ ಕುಕ್ಕರುಗಾಲಲ್ಲಿ ಕೂತು ಟೈಲ್ಸ್ ಉಜ್ಜತೊಡಗಿದ.