ಅಕ್ಕನ ಹೊಗೆ ಸುಂಕ

ಸರ್ಕಾರದ ಕಣ್ಣಿಗೆ ಬೀಳದೆ ಉಳಿದ ತೆರಿಗೆ ಯಾವುದಾದರೂ ಇದ್ದರೆ ಅದು ನಮ್ಮ ಅಕ್ಕನ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು! ಗಂಡ ತೀರಿಕೊಂಡ ಮೇಲೆ ಹವಳಗಾ ಊರಿನ ನಮ್ಮ ಮನೆಗೆ ಬಂದವಳು, ದಮ್ಮು ರೋಗದ ಎದೆ ಹಿಡಿದುಕೊಂಡೇ ಹೊಗೆಗೆ ಸುಂಕ ಹಾಕಿದಳು. ನನ್ನ ಒಂದು ಬೀಡಿಗೆ ಎರಡು ರೂಪಾಯಿ.

"ಗಾಳಿ ಏನ್ ನಿನ್ನ ಆಸ್ತಿ ಏನಬೇ ಅಕ್ಕಾ?" ಎಂದೆ.

"ನಂದಲ್ಲ ಲೇ, ನಿಂದೂ ಅಲ್ಲ. ಹೊಲಸು ಮಾಡಿದಾಂವ ಕೊಡಬೇಕು. ತುಟ್ಟಿ ಆದ್ರ ತಾನೇ ಬಿಡ್ತಿ."

ಆ ಹಣವನ್ನು ಅವಳು ಇಟ್ಟುಕೊಳ್ಳುತ್ತಿರಲಿಲ್ಲ. ನನ್ನ ಹೊಗೆ ಕಿಟಕಿ ದಾಟಿ ಎದುರುಮನೆಗೆ ಹೋಗುತ್ತದಲ್ಲ, ಪರಿಹಾರ ಆ ಮನೆಯಾಕೆಗೆ! ಒಂದು ದಿನ ನನಗೆ ಜ್ವರ, ಬೀಡಿ ಮುಟ್ಟಲಿಲ್ಲ. ಸಂಜೆ ಆಕೆ ಬಾಗಿಲಿಗೇ ಬಂದಳು. "ಯಾಕ್ರಿ ಕಾಕಾ, ಇವತ್ತ ಸೇದೇ ಇಲ್ಲಲ್ರಿ? ಆರಾಮ ಅದೀರಿಲ್ರಿ?" ಇಷ್ಟು ಕಾಳಜಿ ನನ್ನ ಹೆಂಡತಿಗೂ ಇರಲಿಲ್ಲ!

ನಗಬೇಡಿ, ತಪ್ಪು ನನ್ನದೇ. ಸುಂಕ ಕೊಡತೊಡಗಿದ ಮೇಲೆ ನನ್ನ ನಾಚಿಕೆ ಹೋಯಿತು. ಮೊದಲು ಅಕ್ಕ ಕೆಮ್ಮಿದರೆ ಅಂಗಳಕ್ಕೆ ಎದ್ದು ಹೋಗುತ್ತಿದ್ದವನು, ಈಗ ನಾಣ್ಯವನ್ನು ಅವಳ ಮುಂದಿಟ್ಟು ಪಡಸಾಲೆಯಲ್ಲೇ ಬೀಡಿ ಹಚ್ಚುತ್ತಿದ್ದೆ. ಕೊಟ್ಟೆನಲ್ಲ, ಇನ್ನೇನು?

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಾವು ರವದಿ ಅನ್ನುತ್ತೇವೆ. ಅದನ್ನು ಸುಟ್ಟರೆ ಎಕರೆಗೆ ಐನೂರು ಎಂದಳು ಅಕ್ಕ. ಆಳು ಹಚ್ಚಿ ರವದಿಯನ್ನು ಸಾಲಿನಲ್ಲಿ ಹಾಸಲು ಅದಕ್ಕಿಂತ ಹೆಚ್ಚು ಖರ್ಚು. ಮೆಟ್ರಿಕ್ ಪಾಸಾದವನಿಗೆ ಇಷ್ಟು ತಿಳಿಯದೇ? ಮೂರು ಎಕರೆಯ ಸುಂಕ ಅವಳ ಕೈಗಿಟ್ಟು ಕಡ್ಡಿ ಗೀರಿದೆ. ಹೊಲ ನಮ್ಮ ಹಿತ್ತಲಿಗೇ ಅಂಟಿಕೊಂಡಿದ್ದು. ಗಾಳಿ ಮನೆಯ ಕಡೆಗೇ ಬೀಸುತ್ತಿತ್ತು. ನನಗದು ಗೊತ್ತಿತ್ತು.

ಆ ಹೊಗೆಗೆ ದಮ್ಮು ಹೆಚ್ಚಿ ಆಸ್ಪತ್ರೆ ಸೇರಿದ ಅಕ್ಕ, ಮನೆಗೆ ಬಂದವಳೇ ಆ ಹಣವನ್ನು ನನಗೆ ವಾಪಸು ಕೊಟ್ಟಳು. "ತಪ್ಪು ನಂದೇ ತಮ್ಮಾ. ರೇಟು ಕಮ್ಮಿ ಇಟ್ಟೆ," ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಜೇವರ್ಗಿ ಕಡೆಯ ಕೊಳಕೂರಿಗೆ, ಮಗಳ ಮನೆಗೆ ಹೊರಟುಹೋದಳು.

ಎರಡು ಸುಗ್ಗಿ ಕಳೆದವು. ರವದಿ ಸುಟ್ಟಿಲ್ಲ, ಬೀಡಿ ಮುಟ್ಟಿಲ್ಲ. ಪಡಸಾಲೆಯಲ್ಲಿ ಈಗ ಎಂಥ ಚೊಕ್ಕ ಗಾಳಿ! ಅದನ್ನು ಉಸಿರಾಡಬೇಕಾದವಳೇ ಇಲ್ಲ. ಯಾರಾದರೂ ಕೆಮ್ಮಿದರೆ ತಿರುಗಿ ನೋಡುತ್ತೇನೆ.

ಮೊನ್ನೆ ತಡೆಯಲಾಗದೆ ಕೊಳಕೂರಿಗೆ ಹೋದೆ. "ಎಲ್ಲಾ ಬಿಟ್ಟೇನಿ ಅಕ್ಕಾ. ಮನಿಗಿ ಬಾ."

"ಬರೂದು ಆಮ್ಯಾಲೆ. ಮೊದಲ ಹತ್ರ ಬಾ ಇಲ್ಲಿ."

ಅಂಗಿಯ ಕಾಲರು ಹಿಡಿದೆಳೆದು ಮೂಗಿಗೆ ಹಚ್ಚಿಕೊಂಡಳು. ಯಾವ ಚೆಕ್‌ಪೋಸ್ಟಿನಲ್ಲೂ ಇಂಥ ತಪಾಸಣೆ ಇಲ್ಲ! ಬಹಳ ಹೊತ್ತು ಬಿಡಲಿಲ್ಲ.

"ಇಷ್ಟು ವರ್ಷ ಆ ಹೊಗ್ಯಾಗ ನಿನ್ನ ವಾಸನಿನೇ ಮರ್ತಿದ್ನಲ್ಲೋ," ಅಂದಳು. ಹಿಡಿದ ಕಾಲರು ಬಿಡದೆಯೇ, ಒಳಗಿದ್ದ ಮಗಳನ್ನು ಕೂಗಿ ತನ್ನ ಚೀಲ ತರಲು ಹೇಳಿದಳು.