ಯಡೂರು ದಾರಿಯ ಕೊನೆಯ ಎರಡು ಸೈಕಲ್

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ವಿಶ್ರಾಂತಿ ಸಿಗುತ್ತದೆ ಎಂಬ ಸುದ್ದಿಯನ್ನು ಹಬ್ಬಿಸಿದವರು ಇನ್ನೂ ನೌಕರಿಯಲ್ಲಿರುವವರೇ ಇರಬೇಕು. ಚಿಕ್ಕೋಡಿ ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದಷ್ಟು ಕಾಲ ನಾನು ಭಾನುವಾರ ಬಿಸಿಲು ಕಿಟಕಿಗೆ ಬರುವ ತನಕ ಮಲಗುತ್ತಿದ್ದೆ. ನಿವೃತ್ತನಾದ ವರ್ಷವೇ ಡಾಕ್ಟರು ನನ್ನ ನಾಡಿ ಹಿಡಿದು, ಹೊಟ್ಟೆ ನೋಡಿ, "ನಡೀರಿ, ಇಲ್ಲಾ ಸೈಕಲ್ ಹೊಡೀರಿ" ಎಂದರು. ನಡೆದು ಹೋಗುವುದಕ್ಕಿಂತ ಕೂತು ಹೋಗುವುದು ಮೇಲೆಂದು ನಾನು ಸೈಕಲ್ಲನ್ನೇ ಆರಿಸಿಕೊಂಡೆ. ಕೂತು ಮಾಡುವ ಕೆಲಸವೆಲ್ಲ ಸುಲಭ ಎಂಬ ನಂಬಿಕೆ ನನಗೆ ಕೋರ್ಟಿನಿಂದಲೇ ಬಂದದ್ದು.

ಆಗ ನಮ್ಮೂರಲ್ಲಿ ಅರವತ್ತು ದಾಟಿದವರ ಸೈಕಲ್ ಬಳಗವೊಂದು ಹೊಸದಾಗಿ ಹುಟ್ಟಿತ್ತು. ಅದರ ಮುಖಂಡರು ಅಣ್ಣಾಸಾಹೇಬರು. ಕಬ್ಬು, ದ್ರಾಕ್ಷಿಯನ್ನು ಮಕ್ಕಳ ಕೈಗೊಪ್ಪಿಸಿ, ಉಳಿದ ಹುರುಪನ್ನೆಲ್ಲ ನಮ್ಮ ಮೇಲೆ ಹಾಕಿದ ಸಪೂರ ಆಸಾಮಿ. ಭಾನುವಾರ ಬೆಳಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಕೂಡುವುದು, ಯಡೂರಿಗೆ ಹೋಗಿ ವೀರಭದ್ರನಿಗೆ ಕೈಮುಗಿದು, ಹೊಳೆಯ ದಂಡೆಯಲ್ಲಿ ಫೋಟೋ ತೆಗೆಸಿಕೊಂಡು, ಅದನ್ನು ವಾಟ್ಸಾಪಿಗೆ ಹಾಕಿ ತಿರುಗಿ ಬರುವುದು ಪದ್ಧತಿ. ಹೋಗುವಾಗ ಇಳಿಜಾರು, ಎಲ್ಲರೂ ಹರಟೆಮಲ್ಲರು. ಬರುವಾಗ ಏರು; ದೇವರ ಹೆಸರು ಗುಡಿಯಲ್ಲಿಗಿಂತ ಆಗಲೇ ಹೆಚ್ಚು ಕೇಳಿಸುವುದು. ಮೊದಲ ದಿನ ನಾನು ಹೊರಟು ನಿಂತಾಗ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಸ್ತ್ರಿ ಪ್ಯಾಂಟ್ ಇಲ್ದ ಓಣಿ ದಾಟಿದಾವ್ರಲ್ಲ. ಈಗ ಚಡ್ಡಿ ಮ್ಯಾಲ ಹೊಂಟೀರಿ. ಕತ್ತಲ ಹರಿಯೂದರಾಗ ಹೋಗಿಬಿಡ್ರಿ" ಎಂದಳು. ಆರೋಗ್ಯಕ್ಕಲ್ಲದಿದ್ದರೂ ಮಾನಕ್ಕಾಗಿ ನಾನು ಬೇಗ ಏಳುವುದನ್ನು ಕಲಿತೆ.

ಬಳಗದಲ್ಲಿ ಎಲ್ಲರಿಗಿಂತ ಹಿಂದೆ ಇರುತ್ತಿದ್ದವರು ಮಗದುಮ್ ಮಾಸ್ತರರು. ಮರಾಠಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ದಾರಿಯಲ್ಲಿ ಯಾರು ನಮಸ್ಕಾರ ಎಂದರೂ ಇಳಿದು, ಅವರ ಅಪ್ಪನ ಹೆಸರು ಕೇಳಿ, ಅಪ್ಪನಿಗೂ ತಾವೇ ಕಲಿಸಿದ್ದನ್ನು ನೆನಪಿಸಿಕೊಂಡು ಮತ್ತೆ ಹತ್ತುವವರು. ಅವರೊಬ್ಬರೇ ಹಿಂದೆ ಬೀಳಬಾರದೆಂದು ನಾನು ಜೊತೆಗಿರುತ್ತಿದ್ದೆ. ಹಾಗೆಂದು ನನ್ನ ತಿಳುವಳಿಕೆ. ಮುಂದಿನವರು ಬೇವಿನ ಮರದ ಕೆಳಗೆ ನಮಗಾಗಿ ಕಾಯುತ್ತಿದ್ದರು. ನಾವು ಮುಟ್ಟಿದ ಕೂಡಲೇ ಅವರು ಹೊರಟುಬಿಡುತ್ತಿದ್ದರು. ಹೀಗಾಗಿ ಅವರಿಗೆ ವಿಶ್ರಾಂತಿ, ನಮಗೆ ಬರೀ ದಾರಿ.

ಒಂದು ಭಾನುವಾರ ಹೊರಡುವ ಮುನ್ನ ಅಣ್ಣಾಸಾಹೇಬರು ನನ್ನನ್ನು ಬದಿಗೆ ಕರೆದರು. "ಶಿರಸ್ತೇದಾರ್ರ, ಮಾಸ್ತರಿಗೆ ಇನ್ನ ಆಗೂದಿಲ್ರಿ. ಕಾಯ್ದ ಕಾಯ್ದ ಬಿಸಲ ಏರತೈತಿ. ಮನ್ಯಾಗ ಆರಾಮ ಇರ್ರಿ ಅಂತ ನೀವ ಮೆತ್ತಗ ಹೇಳಿಬಿಡ್ರಿ. ನಿಮ್ಮ ಮಾತ ಕೇಳ್ತಾರ."

ಒಲ್ಲೆನೆನ್ನಲು ಬಾಯಿ ಬರಲಿಲ್ಲ. ದಾರಿಯಲ್ಲಿ ಮಾಸ್ತರರಿಗೆ ಹೇಳಲೂ ಬರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ದಾಟಲಿ ಎಂದುಕೊಂಡೆ, ದಾಟಿತು. ಮುಂದಿನ ತಿರುವಿನಲ್ಲಿ ಹೇಳೋಣವೆಂದೆ, ತಿರುವೂ ಹೋಯಿತು. ಕೋರ್ಟಿನಲ್ಲಿ ಬೇರೆಯವರಿಗೆ ಮುಂದಿನ ತಾರೀಖಿನ ಮುದ್ದತು ಕೊಟ್ಟು ಕೊಟ್ಟು ರೂಢಿಯಾದವನು ಆ ದಿನ ನನಗೆ ನಾನೇ ಮುದ್ದತು ಕೊಟ್ಟುಕೊಳ್ಳುತ್ತ ಹೋದೆ. ಕೊನೆಗೆ ಮಾಸ್ತರರೇ ಒಂದು ಚಹಾದಂಗಡಿಯ ಮುಂದೆ ಸೈಕಲ್ ನಿಲ್ಲಿಸಿದರು. ಚಹಾ ಬಂತು. ಇಬ್ಬರೂ ಕುಡಿಯಲಿಲ್ಲ.

"ಒಂದ ಮಾತ ಹೇಳೂದೈತ್ರಿ. ಸಿಟ್ಟ ಆಗಬ್ಯಾಡ್ರಿ" ಎಂದರು ಮಾಸ್ತರರು.

"ನಂದೂ ಒಂದೈತ್ರಿ. ಮೊದಲ ನಿಮ್ಮದ ಆಗ್ಲಿ."

"ನಿಮಗ ಇನ್ನ ಈ ಏರು ಆಗೂದಿಲ್ಲಂತ ಅಣ್ಣಾಸಾಹೇಬ್ರು ಅಂತಾರ. ಮನ್ಯಾಗ ಆರಾಮ ಇರ್ರಿ ಅಂತ ಮೆತ್ತಗ ಹೇಳಾಕ ನನಗ ಹಚ್ಚ್ಯಾರ. ನೀವು ಒಬ್ರ ಆಗಬಾರದಂತನ ನಾ ಇಷ್ಟ ದಿವಸ ಸಾವಕಾಶ ಬರಾಕತ್ತಿದ್ದೆ."

ನಾನು ಹೇಳಬೇಕಾಗಿದ್ದ ಮಾತನ್ನು ಅವರೇ ಅಕ್ಷರ ತಪ್ಪದೆ ಹೇಳಿಬಿಟ್ಟಿದ್ದರು. ಹೆಸರು ಮಾತ್ರ ಬೇರೆ. ನನ್ನ ಪಾಲಿನದನ್ನು ನಾನೂ ಹೇಳಿದೆ. ನಗಬಹುದಾಗಿತ್ತು, ನಗೆ ಬರಲಿಲ್ಲ. ಕೈಲಾಗದವನೆಂದು ಒಬ್ಬರಿಂದ ಕೇಳುವುದಕ್ಕಿಂತ, ಇಷ್ಟು ದಿನ ಇನ್ನೊಬ್ಬರ ಕರುಣೆಯಲ್ಲಿ ಸೈಕಲ್ ತುಳಿದೆ ಎಂದು ತಿಳಿಯುವುದು ಹೆಚ್ಚು ಚುಚ್ಚುತ್ತದೆ. ಮಾಸ್ತರರು ಕೆನೆಗಟ್ಟಿದ ಚಹಾವನ್ನು ಬದಿಗೆ ಸರಿಸಿ, "ಜಾಊ ದ್ಯಾ" ಎಂದು ಮರಾಠಿಯಲ್ಲಿ ಹೇಳಿ, ಹೋಗಲಿ ಬಿಡಿ ಎನ್ನುವಂತೆ ಕೈಯಾಡಿಸಿದರು. ಯಡೂರಿಗೆ ಹೋಗದೆ ಅಲ್ಲಿಂದಲೇ ತಿರುಗಿದೆವು. ಏರಿನಲ್ಲಿ ಇಬ್ಬರೂ ಇಳಿದು ತಳ್ಳಿದೆವು. ಆ ದಿನ ಯಾರೂ ಯಾರಿಗಾಗಿಯೂ ತಳ್ಳಲಿಲ್ಲ. ಅವರವರ ಸೈಕಲ್ಲನ್ನು ಅವರವರ ಕಾಲಿಗಾಗಿ ತಳ್ಳಿಕೊಂಡೆವು.

ಮುಂದಿನ ಭಾನುವಾರಗಳಲ್ಲಿ ನಾನು ಮಲಗಿಯೇ ಇದ್ದೆ. ಆದರೆ ನಿದ್ದೆ ಬಾರದು. ಹೆಂಡತಿ, "ಹೋಗಿದ್ರ ದಣದ ಬರತಿದ್ರಿ. ಹೋಗದನ ದಣದೀರಲ್ಲ" ಎಂದಳು. ಮಾಸ್ತರರ ಮನೆಯ ಸುದ್ದಿಯೂ ಬೇರೆಯಾಗಿರಲಿಲ್ಲ. ಸಂತೆಯಲ್ಲಿ ಸಿಕ್ಕರೆ ಇಬ್ಬರೂ ಬದನೆಕಾಯಿಯ ಮಾತಾಡಿ ಬಿಡುತ್ತಿದ್ದೆವು.

ಹೀಗಿರುವಾಗ ಒಂದು ಸಂಜೆ ಅಣ್ಣಾಸಾಹೇಬರೇ ನಮ್ಮ ಮನೆಗೆ ಬಂದರು. ಮೊಣಕಾಲಿಗೆ ಪಟ್ಟಿ, ನಡಿಗೆಯಲ್ಲಿ ಕುಂಟು. ಕುರ್ಚಿಯ ಮೇಲೆ ಕೂತ ಮೇಲೂ ಬಹಳ ಹೊತ್ತು ಕ್ಷೇಮಸಮಾಚಾರವೇ ನಡೆಯಿತು.

"ಬರೂ ಭಾನುವಾರದಿಂದ ನೀವಿಬ್ರೂ ಬರ್ರಿ" ಎಂದರು ಕೊನೆಗೆ. "ಮಾಸ್ತರ ಮನಿಗೆ ಹೋಗೇ ಬಂದೀನಿ. ಬರತೀನಿ ಅಂದಾರ."

"ನಮ್ಮಿಂದ ತಡಾ ಆಗತಿತ್ತಲ್ರಿ" ಎಂದೆ, ಆದಷ್ಟು ಬಿಗುಮಾನದಿಂದ.

ಅವರು ನೆಲ ನೋಡುತ್ತ ಹೇಳಿದರು: "ಈಗ ನಿಂದ್ರಾಕ ನೆವಾನ ಇಲ್ಲದಂಗ ಆಗೇತ್ರಿ. ಮೊದಲ ನಿಮ್ಮ ಸಲುವಾಗಿ ಅಂತ ನಿಂದರತಿದ್ವಿ, ಕುಂದರತಿದ್ವಿ. ಈಗ ಒಬ್ಬಾಂವ ನಿಂದ್ರೂನು ಅನ್ನಾಕ ಒಲ್ಲ. ಅಂದಾಂವ ಮುದುಕ ಆಗ್ತಾನ. ಹಿಂಗ ಒಂದ ದಮ್ಮಿಗೆ ಹೋಗಿ ನನ್ನ ಮೊಣಕಾಲ ಹೋತು, ಒಬ್ರು ಆಸ್ಪತ್ರಿ ಕಂಡ ಬಂದ್ರು."

ಒಳಗಿನಿಂದ ಹೆಂಡತಿ, "ಬರತಾರ್ರಿ, ಬರತಾರ" ಎಂದು ನನ್ನ ಪರವಾಗಿ ಉತ್ತರ ಕೊಟ್ಟಳು. ಯೋಚಿಸಿ ಹೇಳುತ್ತೇನೆ ಎನ್ನುವ ಒಂದು ಒಳ್ಳೆಯ ಅವಕಾಶ ಹಾಗೆ ಕೈತಪ್ಪಿತು.

ಈಗ ನಾವಿಬ್ಬರೂ ಮತ್ತೆ ಹಿಂದೆ ಇದ್ದೇವೆ. ಮುಂದಿನವರು ನಮ್ಮನ್ನು ಬೈಯುತ್ತ ಸುಖವಾಗಿ ಕೂತಿರುತ್ತಾರೆ. ಮೊನ್ನೆ ಮಾತ್ರ ಗಾಳಿ ಬೆನ್ನಿಗಿತ್ತು. ನನಗೇ ತಿಳಿಯದಂತೆ ನಾನು ಎಲ್ಲರನ್ನೂ ದಾಟಿ ಮುಂದೆ ಬಂದುಬಿಟ್ಟೆ. ಯಾರ ಮುಖದಲ್ಲೂ ಸಂತೋಷವಿರಲಿಲ್ಲ. ಅಣ್ಣಾಸಾಹೇಬರು ಏದುಸಿರು ಬಿಡುತ್ತ ನನ್ನ ಪಕ್ಕಕ್ಕೆ ಬಂದು, "ಶಿರಸ್ತೇದಾರ್ರ, ನೀವ ಹಿಂಗ ಮಾಡಿದ್ರ ನಾವ ಯಾರಿಗೆ ಕಾಯೂದ್ರಿ?" ಎಂದರು. ನಾನು ಬ್ರೇಕ್ ಹಿಡಿದು, ಸೊಂಟ ಹಿಡಕೊಂಡಿದೆಯೆಂದು ಎಲ್ಲರಿಗೂ ಕೇಳುವಂತೆ ಸುಳ್ಳು ಹೇಳಿದೆ. ಏರು ಶುರುವಾಗುವಷ್ಟರಲ್ಲಿ ಅದು ನಿಜವಾಗಿತ್ತು.